ಅಪ್ಪನ ತಲೆಯ ಅಳತೆ

ನಮ್ಮ ರೂಮಿನಲ್ಲಿ ನಾವು ಮೂವರು. ಒಬ್ಬ ಗದಗದವನು, ಒಬ್ಬ ಹಾಸನದವನು, ಮತ್ತೆ ನಾನು, ಬಂಟ್ವಾಳ ತಾಲೂಕಿನ ವಾಮದಪದವಿನವನು. ಫಸ್ಟ್ ಇಯರ್‌ನಲ್ಲಿ ಮನೆಯಿಂದ ಫೋನ್ ಬಂದಾಗ ನಾನು ತುಳುವಿನಲ್ಲಿ ಮಾತಾಡುವುದನ್ನು ಕೇಳಿ ಗದಗದವನಿಗೆ ತಲೆ ಕೆಡುತ್ತಿತ್ತು. ತುಳುವಿನಲ್ಲಿ ‘ಅಪ್ಪೆ’ ಅಂದರೆ ತಾಯಿ, ‘ಅಮ್ಮೆರ್’ ಅಂದರೆ ತಂದೆ. “ಲೇ, ನಿಮ್ಮೂರಾಗ ಅಪ್ಪ ಅಮ್ಮನೂ ಉಲ್ಟಾ ಏನಲೇ?” ಅಂತ ಕೇಳಿದ್ದ. ನಮ್ಮ ಅಜ್ಜಿಯ ಕಾಲಕ್ಕೆ ಹಾಗೆ. ನಾನು ಕರೆಯುವುದು ಅಪ್ಪ ಅಂತಲೇ. ಮನೆಯಲ್ಲಿ ಮಾತು ತುಳು, ಇಲ್ಲಿ ಬರೆಯುವಾಗ ಕನ್ನಡ ಮಾಡಿದ್ದೇನೆ, ಅಷ್ಟೆ.

ಕಳೆದ ವರ್ಷ, 2025ರ ಜೂನ್ ಮೊದಲ ವಾರ. ಇಂಟರ್ನಲ್ಸ್ ಮುಗಿದಿತ್ತು, ಹೊರಗೆ ಮಳೆ, ಕರೆಂಟ್ ಇಲ್ಲ. ಅಪ್ಪಂದಿರ ದಿನ ಜೂನ್ 15ಕ್ಕೆ ಅಂತ ಹಾಸನದವನು ನೆನಪು ಮಾಡಿದ. ಏನಾದರೂ ಕೊಡುವ, ಆದರೆ ಯಾರ ಹತ್ರವೂ ದುಡ್ಡಿಲ್ಲ, ಹಾಗಾಗಿ ಕೈಯಲ್ಲೇ ಮಾಡುವ ಅಂತ ತೀರ್ಮಾನ ಆಯಿತು. ಮೊಬೈಲಿನಲ್ಲಿ ಸಿಕ್ಕಿದ ಐಡಿಯಾಗಳೆಲ್ಲ ಟೈ ಆಕಾರದ ಕಾರ್ಡು, ಕಫ್‌ಲಿಂಕ್ ಡಬ್ಬಿ, ಗಾಲ್ಫ್ ಚೆಂಡಿನ ಕೀಚೈನು. ನಮ್ಮ ಮೂವರ ಅಪ್ಪಂದಿರಲ್ಲಿ ಟೈ ಕಟ್ಟಿದವರು ಹಾಸನದವನ ಅಪ್ಪ ಒಬ್ಬರೇ, ಅದೂ ಮದುವೆಯ ಫೋಟೋದಲ್ಲಿ.

ಗದಗದವನ ಅಪ್ಪನಿಗೆ ಕಿರಾಣಿ ಅಂಗಡಿ. ಅವನು ಸೀನಿಯರ್‌ಗಳ ರೂಮಿಗೆಲ್ಲ ಹೋಗಿ ಹಳೆಯ ಲ್ಯಾಬ್ ರೆಕಾರ್ಡುಗಳಲ್ಲಿ ಉಳಿದ ಖಾಲಿ ಹಾಳೆ ಹರಿದು ತಂದ. ಎಂಟೆಂಟು ಹಾಳೆಯ ಕಟ್ಟು ಮಾಡಿ, ನಡುವೆ ಮಡಚಿ, ಸೂಜಿ ದಾರದಲ್ಲಿ ಹೊಲಿದು, ಇಂಜಿನಿಯರಿಂಗ್ ಡ್ರಾಯಿಂಗ್ ಶೀಟನ್ನು ರಟ್ಟಿಗೆ ಅಂಟಿಸಿ ಮೇಲೆ ದಪ್ಪಕ್ಷರದಲ್ಲಿ ‘ಉದ್ರಿ’ ಅಂತ ಬರೆದ. ಸುಮಾರು ಇನ್ನೂರು ಪುಟದ ಪುಸ್ತಕ, ಖರ್ಚು ಫೆವಿಕಾಲಿಗೆ ಇಪ್ಪತ್ತು ರೂಪಾಯಿ. ಅವನ ಅಪ್ಪ ಫೋನ್ ಮಾಡಿ ಮೊದಲು ಹೇಳಿದ ಮಾತು, “ಇದರಾಗ ಒಂದು ಕಡೆ ಗೆರಿನ ಇಲ್ಲಲ್ಲೋ.” ರೆಕಾರ್ಡ್ ಹಾಳೆ ಅಲ್ವಾ, ಒಂದು ಬದಿ ಖಾಲಿ. ಈಗ ಗೆರೆ ಇರುವ ಬದಿಯಲ್ಲಿ ಉದ್ರಿ, ಇಲ್ಲದ ಬದಿಯಲ್ಲಿ ಅವರ ಬಿಡಿ ಲೆಕ್ಕ. ಹಾಸನದವನ ಅಪ್ಪ ಬಸ್ ಡ್ರೈವರ್. ಅವನು ಹಳೇ ಜೀನ್ಸ್ ಪ್ಯಾಂಟಿನ ಕಾಲು ಕತ್ತರಿಸಿ, ಅಡಿ ಹೊಲಿದು, ಬೆಲ್ಟ್ ಲೂಪಿಗೆ ಹಗ್ಗ ಹಾಕಿ ನೀರಿನ ಬಾಟಲಿಗೆ ಚೀಲ ಮಾಡಿದ. ಒದ್ದೆ ಮಾಡಿ ತೂಗಿ ಹಾಕಿದರೆ ನೀರು ತಣ್ಣಗಿರುತ್ತದೆ. ಇವೆರಡನ್ನೂ ಯಾರು ಬೇಕಾದರೂ ಒಂದು ಸಂಜೆಯಲ್ಲಿ ಮಾಡಬಹುದು.

ನನ್ನದು ಅಷ್ಟು ಸುಲಭ ಆಗಲಿಲ್ಲ. ಅದನ್ನೇ ಹೇಳುವುದಕ್ಕೆ ಕೂತದ್ದು.

ಅಪ್ಪನಿಗೆ ಕೈಯಲ್ಲಿ ಮಾಡಿ ಕೊಟ್ಟದ್ದು ಅದೇ ಮೊದಲಲ್ಲ. ಅದಕ್ಕಿಂತ ಹಿಂದಿನ ಡಿಸೆಂಬರಿನಲ್ಲಿ ಒಂದು ಮಳೆ ಅಲಾರಂ ಮಾಡಿದ್ದೆ. ನಮ್ಮಲ್ಲಿ ಅಡಿಕೆ ಕೊಯ್ದ ಮೇಲೆ ಅಂಗಳದಲ್ಲಿ ನಲವತ್ತು ನಲವತ್ತೈದು ದಿನ ಬಿಸಿಲಿಗೆ ಒಣಗಬೇಕು. ನಡುವೆ ಅಕಾಲ ಮಳೆ ಬಂದರೆ ಮನೆಮಂದಿಯೆಲ್ಲ ಎದ್ದು ಟಾರ್ಪಲಿನ್ ಎಳೆಯುವುದು. ಆರ್ಡುಯಿನೋ, ಒಂದು ರೈನ್ ಸೆನ್ಸರ್, ಒಂದು ಬಝರ್. ಹನಿ ಬಿದ್ದ ಕೂಡಲೇ ಕೂಗಬೇಕು. ಕೂಗಿತು. ಮೊದಲ ರಾತ್ರಿ ಮೂರು ಗಂಟೆಗೆ, ಇಬ್ಬನಿಗೆ. ಎರಡನೇ ರಾತ್ರಿಯೂ ಇಬ್ಬನಿಗೆ. ಥ್ರೆಶೋಲ್ಡ್ ಏರಿಸಿದೆ, ಆಮೇಲೆ ನಿಜವಾದ ಮಳೆಗೂ ಕೂಗಲಿಲ್ಲ. ಅಪ್ಪ ಏನೂ ಹೇಳಲಿಲ್ಲ. ಅದನ್ನು ಒರೆಸಿ ಶೋಕೇಸಿನಲ್ಲಿ ನನ್ನ ಎಸ್ಸೆಸ್ಸೆಲ್ಸಿ ಶೀಲ್ಡಿನ ಪಕ್ಕ ಇಟ್ಟರು. ಬಂದ ನೆಂಟರಿಗೆ, “ಇದು ನಮ್ಮವ ಮಾಡಿದ್ದು, ಮಳೆ ಬಂದ್ರೆ ಹೇಳ್ತದೆ” ಅಂತ ತೋರಿಸುತ್ತಾರೆ. ಈಗಲೂ.

ಹಾಗಾಗಿ ಈ ಸಲ ಅಪ್ಪನಿಗೆ ಉಪಯೋಗಕ್ಕೆ ಬರುವಂಥದ್ದು ಮಾಡಬೇಕು ಅಂತ ಹಟ ಬಂತು. ಯೋಚಿಸುವಾಗ ಹೊಳೆದದ್ದು ಮುಟ್ಟಾಳೆ.

ಘಟ್ಟದ ಮೇಲಿನವರಿಗಾಗಿ ಹೇಳುತ್ತೇನೆ. ಅಡಿಕೆ ಮರದ ಸೋಗೆ ಬೀಳುವಾಗ ಅದರ ಬುಡದಲ್ಲಿ ಅಗಲವಾದ, ಚರ್ಮದ ಹಾಗಿನ ಒಂದು ಭಾಗ ಇರುತ್ತದೆ. ಅದೇ ಹಾಳೆ. ಮದುವೆ ಊಟದ ಹಾಳೆ ತಟ್ಟೆ ಅದನ್ನು ಬಿಸಿ ಅಚ್ಚಿನಲ್ಲಿ ಒತ್ತಿ ಮಾಡಿದ್ದು. ನಮ್ಮ ಕಡೆ ಹುಟ್ಟಿದ ಮಗುವಿಗೆ ಎಣ್ಣೆ ಹಚ್ಚಿ ನೀರು ಹಾಕುವುದು ಹಾಳೆಯ ಮೇಲೆ ಮಲಗಿಸಿ. ಸೆಕೆಗೆ ಬೀಸಣಿಗೆಯೂ ಅದೇ. ಚಿಕ್ಕವನಿರುವಾಗ ಅಪ್ಪ ನನ್ನನ್ನು ಹಾಳೆಯಲ್ಲಿ ಕೂರಿಸಿ, ಸೋಗೆಯ ತುದಿ ಹಿಡಿದು ತೋಟವಿಡೀ ಎಳೆಯುತ್ತಿದ್ದರು. ಚಡ್ಡಿ ಹರಿದದ್ದಕ್ಕೆ ಅಮ್ಮನ ಬೈಗುಳ ಇಬ್ಬರಿಗೂ. ಇದೇ ಹಾಳೆಯನ್ನು ಮಡಚಿ ಹೊಲಿದು ಮಾಡುವ ಟೊಪ್ಪಿ ಮುಟ್ಟಾಳೆ. ಮಳೆ ನೀರು ಒಳಗೆ ಇಳಿಯುವುದಿಲ್ಲ, ಬಿಸಿಲಿಗೆ ತಂಪು, ತಲೆಯ ಮೇಲೆ ಗೊಬ್ಬರದ ಬುಟ್ಟಿ ಹೊತ್ತರೆ ಮೆತ್ತೆ, ಮರ ಹತ್ತುವವರಿಗೆ ಮೇಲಿನಿಂದ ಬೀಳುವ ಕಸಕಡ್ಡಿ, ಔಷಧಿಯ ಹನಿಗಳಿಂದ ರಕ್ಷಣೆ. ಈಗ ಊರಿನ ಮಕ್ಕಳು ಅದನ್ನು ಹಾಕುವುದು ಸ್ಕೂಲ್ ಡೇ ಡ್ಯಾನ್ಸಿಗೆ ಮಾತ್ರ.

ನನ್ನ ಅಪ್ಪ ಅಡಿಕೆ ಮರ ಹತ್ತುವವರು. ಹತ್ತುತ್ತಿದ್ದವರು. ನಮ್ಮದೇ ಅಂತ ಇರುವುದು ನೂರೈವತ್ತು ಮರ. ಅದರಿಂದ ಮನೆ ನಡೆಯುವುದಿಲ್ಲ. ಕೊಯ್ಲಿಗೆ, ಔಷಧಿ ಬಿಡುವುದಕ್ಕೆ ಸಿದ್ಧಕಟ್ಟೆ, ಪುಂಜಾಲಕಟ್ಟೆ ಕಡೆಯ ತೋಟಗಳಿಗೂ ಹೋಗುತ್ತಿದ್ದರು. ಕಾಲಿಗೆ ತಳೆ ಹಾಕಿ, ತಲೆಗೆ ಮುಟ್ಟಾಳೆ ಇಟ್ಟು ಒಂದು ಮರ ಹತ್ತಿದರೆ ಇಳಿಯದೆ ಅದನ್ನೇ ಬಾಗಿಸಿ ಪಕ್ಕದ ಮರಕ್ಕೆ ದಾಟುವುದು. ಹಾಗೆ ನಾಲ್ಕೈದು ಮರ. ಕೆಳಗೆ ನಿಂತು ನೋಡಿದರೆ ಹೊಟ್ಟೆ ತೊಳೆಸುತ್ತದೆ. 2022ರ ಮೇ ಕೊನೆಯಲ್ಲಿ, ನನಗೆ ಸಿಇಟಿಗೆ ಇನ್ನು ಮೂರು ವಾರ ಇರುವಾಗ, ಔಷಧಿ ಬಿಡುತ್ತಿದ್ದ ಅಪ್ಪ ಜಾರಿ ಬಿದ್ದರು. ಸುಮಾರು ಎರಡಾಳು ಎತ್ತರದಿಂದ. ಬಲಗೈ ಮಣಿಗಂಟಿಗೆ ಪ್ಲೇಟು ಹಾಕಿದ್ದಾರೆ. ಪ್ರಾಣಕ್ಕೆ ಏನೂ ಆಗಲಿಲ್ಲ. ಬಿದ್ದದ್ದು ಸೊಪ್ಪಿನ ರಾಶಿಯ ಮೇಲೆ. ಆದರೆ ಆ ಕೈಗೆ ಹಿಡಿತ ಪೂರ್ತಿ ವಾಪಸ್ ಬರಲಿಲ್ಲ. ಆಮೇಲೆ ಅಪ್ಪ ಮುಟ್ಟಾಳೆ ಹಾಕಿದ್ದನ್ನು ನಾನು ನೋಡಿಲ್ಲ. ಮಳೆಗೆ ಪ್ಲಾಸ್ಟಿಕ್ ಗೊರಬೆಯ ಹಾಗೆ ಯೂರಿಯಾ ಚೀಲ ಮಡಚಿ ತಲೆಗೆ ಹಾಕುತ್ತಿದ್ದರು. ಹಳೆಯ ಮುಟ್ಟಾಳೆ ಬಿದ್ದಾಗ ಒಡೆದಿರಬೇಕು ಅಂತ ಅಂದುಕೊಂಡಿದ್ದೆ. ಯಾರನ್ನೂ ಕೇಳಲಿಲ್ಲ.

ಮೊದಲ ಮುಟ್ಟಾಳೆ ಹಾಸ್ಟೆಲಿನಲ್ಲೇ ಮಾಡಿದೆ. ಮೆಸ್ಸಿನ ಹಿಂದೆ ಸಾಲಾಗಿ ಅಡಿಕೆ ಮರ ಇದೆಯಲ್ಲ, ಅಲ್ಲಿಂದ ಮೂರು ಹಾಳೆ ಹೆಕ್ಕಿ ತಂದೆ. ಬಕೆಟಿನಲ್ಲಿ ಅರ್ಧ ಗಂಟೆ ನೆನೆಸಿ ಮಡಚಿದ ಕೂಡಲೇ ಮಡಿಕೆಯ ಉದ್ದಕ್ಕೂ ಚಟ್ ಅಂತ ಸೀಳಿತು. ನಾರು ಉದ್ದಕ್ಕೆ ಓಡುತ್ತದೆ, ಅಡ್ಡಕ್ಕೆ ಬಲವೇ ಇಲ್ಲ. ಮಟೀರಿಯಲ್ ಸೈನ್ಸ್ ಕ್ಲಾಸಿನಲ್ಲಿ ಇದಕ್ಕೆ ಹೆಸರು ಕಲಿತಿದ್ದೇನೆ, ಪರೀಕ್ಷೆಯಲ್ಲಿ ಬರೆದೂ ಇದ್ದೇನೆ.

ಎರಡನೆಯದಕ್ಕೆ ಒಂದಿಡೀ ರಾತ್ರಿ ನೆನೆಸಿದೆ. ಚೆನ್ನಾಗಿ ಬಾಗಿತು. ಅಳತೆ ಬೇಕಲ್ಲ? ಅಪ್ಪನ ತಲೆ ಎಷ್ಟು ದೊಡ್ಡದು ಅಂತ ನನಗೆ ಗೊತ್ತಿರಲಿಲ್ಲ. ಕೇಳಿದರೆ ಗುಟ್ಟು ಬಿಟ್ಟು ಹೋಗುತ್ತದೆ. ಅವರ ಹೆಲ್ಮೆಟ್ ನಾನೇ ಕೊಂಡದ್ದು, ಒಳಗೆ 580 ಮಿ.ಮೀ. ಅಂತ ಚೀಟಿ ಇದ್ದದ್ದು ನೆನಪಿತ್ತು. ಸುತ್ತಳತೆ 58 ಸೆಂ.ಮೀ., ಅದರ ಅರ್ಧ 29, ಎರಡು ತುದಿ ಮಡಚಲು ಹತ್ತತ್ತು ಸೇರಿಸಿದರೆ 49. ಹಾಳೆಯನ್ನು ಸರಿಯಾಗಿ 49 ಸೆಂ.ಮೀ. ಕತ್ತರಿಸಿ ಹೊಲಿದೆ. ನೋಡಲು ಮುಟ್ಟಾಳೆಯ ಹಾಗೆಯೇ ಇತ್ತು. ಖುಷಿಯಲ್ಲಿ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಕಪಾಟಿನಲ್ಲಿಟ್ಟೆ. ಶನಿವಾರ ಊರಿಗೆ ಹೊರಡುವಾಗ ತೆಗೆದರೆ ಒಳಗೆಲ್ಲ ಹಸಿರು ಬೂಷ್ಟು. ರೂಮ್‌ಮೇಟ್‌ಗಳಿಗೆ ಎರಡು ದಿನದಿಂದ ಬರುತ್ತಿದ್ದ ವಾಸನೆಯ ಮೂಲ ಗೊತ್ತಾಯಿತು.

ಅದನ್ನೇ ಬ್ಯಾಗಿಗೆ ತುರುಕಿ ಬಸ್ಸು ಹತ್ತಿದೆ. ಬಿ.ಸಿ. ರೋಡಿನಲ್ಲಿ ಇಳಿದು ಇನ್ನೊಂದು ಬಸ್ಸು. ವಾಮದಪದವಿನಲ್ಲಿ ಇಳಿದು ಮನೆಗೆ ಹೋಗದೆ ಸೀದಾ ನೆರೆಮನೆಯ ಅಜ್ಜನಲ್ಲಿಗೆ. ಎಂಬತ್ತರ ಹತ್ತಿರ ಇರಬಹುದು. ಅಪ್ಪನಿಗೆ ಮರ ಹತ್ತಲು ಕಲಿಸಿದ್ದೇ ಅವರು. ನನ್ನ ಟೊಪ್ಪಿಯನ್ನು ತಿರುಗಿಸಿ ನೋಡಿ, ಮೂಸಿ, “ಇದು ಯಾವ ಮಗುವಿಗೆ?” ಅಂದರು.

ಅಪ್ಪನಿಗೆ ಅಂದೆ. ಹೆಲ್ಮೆಟಿನ ಲೆಕ್ಕ ಹೇಳಿದೆ. ಅಜ್ಜ ಹಲ್ಲಿಲ್ಲದ ಬಾಯಲ್ಲಿ ತುಂಬಾ ಹೊತ್ತು ನಕ್ಕರು. “ನಿನ್ನ ಅಪ್ಪ ಬರಿತಲೆಗೆ ಮುಟ್ಟಾಳೆ ಇಟ್ಟದ್ದು ನೋಡಿದ್ದೀಯಾ? ಬೈರಾಸು ಸುತ್ತದೆ ಅವನು ಇಡುವುದಿಲ್ಲ. ಅದೂ ಎರಡು ಸುತ್ತು.”

ನಾನು ಹುಟ್ಟಿದಂದಿನಿಂದ ನೋಡಿದ ತಲೆ. ಬೈರಾಸು ಸುತ್ತುವುದನ್ನೂ ಸಾವಿರ ಸಲ ನೋಡಿದ್ದೇನೆ. ಲೆಕ್ಕಕ್ಕೆ ಮಾತ್ರ ಬರಲಿಲ್ಲ. ಬೈರಾಸಿನ ದಪ್ಪ ಸುತ್ತಲೂ ಒಂದು ಸೆಂ.ಮೀ. ಅಂತ ಹಿಡಿದರೂ ಸುತ್ತಳತೆ 2π, ಅಂದರೆ ಆರು ಸೆಂ.ಮೀ.ಗಿಂತ ಜಾಸ್ತಿ ಬೆಳೆಯುತ್ತದೆ. ಅಜ್ಜ ಕೈ ಚಾಚಿ ಹಾಳೆಯ ಮೇಲೆ ಎರಡು ಗೇಣು, ಮತ್ತೆ ನಾಲ್ಕು ಬೆರಳು ಇಟ್ಟು ಉಗುರಿನಲ್ಲಿ ಗೀರಿದರು. ಆಮೇಲೆ ಸ್ಕೇಲ್ ಹಿಡಿದು ನೋಡಿದೆ. 52. ನನ್ನ ಹೊಸ ಲೆಕ್ಕದಲ್ಲೂ 52.

ಮಳೆಗಾಲದ ಹಾಳೆ ಆಗದು, ಬೇಸಿಗೆಯಲ್ಲಿ ಬಿದ್ದದ್ದನ್ನು ಒಣಗಿಸಿ ಇಟ್ಟಿರಬೇಕು ಅಂತ ಹೇಳಿ ಅಜ್ಜ ಅಟ್ಟದಿಂದ ಎರಡು ಹಾಳೆ ಇಳಿಸಿ ಕೊಟ್ಟರು. ಅವರು ಹೇಳಿದ ಹಾಗೆ ಬರೆಯುತ್ತೇನೆ, ಯಾರಿಗಾದರೂ ಬೇಕಾದೀತು. ಹುಳ ಹಿಡಿಯದ, ಅಂಚು ಸೀಳದ, ಅಗಲದ ಹಾಳೆ ಆಗಬೇಕು. ರಾತ್ರಿ ನೀರಿಗೆ ಹಾಕಿ, ಮೇಲೆ ಕಲ್ಲು ಇಡುವುದು, ಇಲ್ಲದಿದ್ದರೆ ತೇಲುತ್ತದೆ. ಬೆಳಗ್ಗೆ ತೆಗೆದು ನೀರು ಒರೆಸಿ, ಒಳಮೈಯ ತೆಳು ಪೊರೆಯನ್ನು ಉಗುರಿನಿಂದ ಎಬ್ಬಿಸಿ ಸುಲಿಯಬೇಕು. ಬೂಷ್ಟು ಮೊದಲು ಹಿಡಿಯುವುದು ಅದಕ್ಕೇ. ಉದ್ದ ಎರಡು ಗೇಣು ನಾಲ್ಕು ಬೆರಳು, ಅಗಲ ಒಂದೂವರೆ ಗೇಣು, ಮೂಲೆಗಳನ್ನು ಕತ್ತಿಯಲ್ಲಿ ಸ್ವಲ್ಪ ಉರುಟು ಮಾಡುವುದು. ಆಮೇಲೆ ಎರಡು ತುದಿಗಳನ್ನು ಸೀರೆಯ ನೆರಿಗೆಯ ಹಾಗೆ ನೆರಿಗೆ ಹಿಡಿದು ಮೇಲೆತ್ತಿ, ದಬ್ಬಣದಲ್ಲಿ ಗೋಣಿದಾರ ಪೋಣಿಸಿ ಹೊಲಿಗೆ. ಅಜ್ಜ ಚಿಕ್ಕವರಿರುವಾಗ ದಾರದ ಬದಲು ಬಾಳೆನಾರು. ನೆರಿಗೆ ಐದು ಬಂದರೆ ಚೆಂದ, ಮೂರು ಬಂದರೆ ಸಾಕು. ದಾರ ಎಳೆಯುವಾಗ ಅವಸರ ಮಾಡಿದರೆ ತೂತು ಸೀಳಿ ಉದ್ದಕ್ಕೆ ಹೋಗುತ್ತದೆ. ನನ್ನದು ಒಂದು ಹಾಗೆಯೇ ಹೋಯಿತು, ಅದಕ್ಕೇ ಅಜ್ಜ ಎರಡು ಹಾಳೆ ಕೊಟ್ಟದ್ದು ಅಂತ ಆಗ ಗೊತ್ತಾಯಿತು. ಹೊಲಿದಾದ ಮೇಲೆ ಮಡಕೆಯ ಮೇಲೆ ಕವುಚಿ ಹಾಕಿ ನೆರಳಲ್ಲಿ ಗಾಳಿಗೆ ಬಿಡಬೇಕು. ಮಳೆಗಾಲವಾದ್ದರಿಂದ ಒಲೆಯ ಮೇಲೆ, ಹೊಗೆ ತಾಗುವಲ್ಲಿ, ಒಂದು ವಾರ. ಅಜ್ಜ ಮಾಡಿದ್ದರೆ ಮುಕ್ಕಾಲು ಗಂಟೆಯ ಕೆಲಸ. ನನಗೆ ಶನಿವಾರ ಸಂಜೆ ಮತ್ತು ಇಡೀ ಆದಿತ್ಯವಾರ. ಎರಡು ಬೆರಳಿಗೆ ಬ್ಯಾಂಡೇಜು.

ಜೂನ್ 15ರಂದು ಪುನಃ ಊರಿಗೆ ಹೋದೆ. ಅಜ್ಜನಲ್ಲಿಂದ ಮುಟ್ಟಾಳೆ ತೆಗೆದುಕೊಂಡೆ. ಹೊಗೆಗೆ ಜೇನಿನ ಬಣ್ಣ ಬಂದಿತ್ತು, ತಟ್ಟಿದರೆ ಟಕಟಕ ಅನ್ನುತ್ತಿತ್ತು. ಒಂದು ಬದಿಯ ನೆರಿಗೆ ವಕ್ರ, ಪರವಾಗಿಲ್ಲ.

ಆ ವರ್ಷ ಮಳೆ ಹೇಗಿತ್ತು ಅಂತ ನಿಮಗೂ ನೆನಪಿರಬಹುದು. ಕೇರಳಕ್ಕೆ ಮುಂಗಾರು ಮೇ 24ಕ್ಕೇ ಬಂತು, ಅದರ ಬೆನ್ನಿಗೇ ನಮ್ಮ ಕಡೆಗೂ. ಅಡಿಕೆಗೆ ಬೋರ್ಡೋ ದ್ರಾವಣದ ಮೊದಲ ಸಿಂಪಡಣೆ ಮಳೆ ಹಿಡಿಯುವ ಮೊದಲೇ ಆಗಬೇಕು. ಇಲ್ಲದಿದ್ದರೆ ಕೊಳೆರೋಗ. ಎಳೆಕಾಯಿ ಕೊಳೆತು ಉದುರುತ್ತದೆ, ಒಂದು ಗೊನೆಗೆ ಹಿಡಿದರೆ ಪಕ್ಕದ ಮರಕ್ಕೂ ಹರಡುತ್ತದೆ. ನಮ್ಮ ನೂರೈವತ್ತು ಮರದಲ್ಲಿ ಅರುವತ್ತಕ್ಕೆ ಬಿಟ್ಟಾಗಿತ್ತು. ಉಳಿದ ತೊಂಬತ್ತಕ್ಕೆ ಹತ್ತುವವರು ಸಿಗಲಿಲ್ಲ. ಬಿಸಿಲು ಬಂದ ದಿನ ಎಲ್ಲರ ತೋಟದಿಂದಲೂ ಅವರಿಗೇ ಫೋನು. ಅಪ್ಪ ದಿನಾ ಜಗಲಿಯಲ್ಲಿ ಕೂತು ಆಕಾಶ ನೋಡುವುದು, ಮರದ ತುದಿ ನೋಡುವುದು. ನನಗೆ ಇದೆಲ್ಲ ಗೊತ್ತಿತ್ತು. ಮುಟ್ಟಾಳೆಗೂ ಇದಕ್ಕೂ ಸಂಬಂಧ ಇದೆ ಅಂತ ಮಾತ್ರ ಹೊಳೆದಿರಲಿಲ್ಲ.

ಅಪ್ಪ ಚಾ ಕುಡಿಯುತ್ತಿದ್ದರು. ಪೇಪರು ಬಿಚ್ಚಿ ಕೊಟ್ಟೆ. ಇವತ್ತು ಅಪ್ಪಂದಿರ ದಿನ ಅಂದೆ. ಅಮೆರಿಕದ ಸ್ಪೋಕೇನ್ ಎಂಬ ಊರಿನಲ್ಲಿ ತಾಯಿ ಇಲ್ಲದ ಆರು ಮಕ್ಕಳನ್ನು ಸಾಕಿದ ಅಪ್ಪನಿಗಾಗಿ ಮಗಳು ಸೊನೊರಾ ಡಾಡ್ 1910ರಲ್ಲಿ ಶುರು ಮಾಡಿದ್ದು, ಅಲ್ಲಿ ಸರಕಾರದ ಕಾಯಂ ದಿನ ಆಗುವಾಗ 1972 ಆಯಿತು ಅಂತ ಓದಿದ್ದೆಲ್ಲ ಹೇಳಿದೆ. ಅಪ್ಪ ಕೇಳಿ, “ನಮ್ಮಲ್ಲಿ ಹಿರಿಯರಿಗೆ ಬಡಿಸುವುದು ಆಟಿ ತಿಂಗಳಲ್ಲಿ, ಅದೂ ಸತ್ತ ಮೇಲೆ. ಬದುಕಿರುವಾಗಲೇ ಕೊಟ್ಟರೆ ಲಾಭವೇ” ಅಂತ ನಕ್ಕು ಮುಟ್ಟಾಳೆಯನ್ನು ತಿರುಗಿಸಿ ನೋಡಿದರು. ವಕ್ರ ನೆರಿಗೆಯ ಮೇಲೆ ಹೆಬ್ಬೆರಳು ಆಡಿಸಿದರು. ಭುಜದ ಬೈರಾಸು ತೆಗೆದು ತಲೆಗೆ ಎರಡು ಸುತ್ತು ಸುತ್ತಿ ಮುಟ್ಟಾಳೆ ಇಟ್ಟರು. ಸರಿಯಾಗಿ ಕೂತಿತು.

ಆಗ ಅಡಿಗೆ ಕೋಣೆಯಿಂದ ಅಮ್ಮ ಬಂದರು.

“ಅದನ್ನು ಯಾರು ತಂದದ್ದು?”

ನಾನೇ ಮಾಡಿದ್ದು ಅಂದೆ, ಹೆಮ್ಮೆಯಿಂದ.

“ಯಾಕೆ ಮಾಡಿದ್ದು? ಅವರನ್ನು ಪುನಃ ಮರ ಹತ್ತಿಸ್ಲಿಕ್ಕಾ? ಮೂರು ವರ್ಷದಿಂದ ನಾನು ಹೇಗೆ ಹಿಡಿದು ನಿಲ್ಲಿಸಿದ್ದೇನೆ ಅಂತ ನಿಂಗೆ ಗೊತ್ತುಂಟಾ? ಹಳೆಯದನ್ನು ಬಿಸಿನೀರಿನ ಒಲೆಗೆ ಹಾಕಿದ್ದು ನಾನೇ. ಆಸ್ಪತ್ರೆಯಿಂದ ಬಂದ ವಾರವೇ. ನೀನು ಹೊಸತು ಮಾಡಿ ತಂದಿದ್ದೀಯಲ್ಲ, ಓದಿದವ!”

ಅಮ್ಮ ಹಾಗೆ ಮಾತಾಡಿದ್ದು ನಾನು ಕೇಳಿಲ್ಲ. ಏನು ಹೇಳಬೇಕೋ ತಿಳಿಯಲಿಲ್ಲ. ಅಪ್ಪನೂ ಏನೂ ಹೇಳಲಿಲ್ಲ. ಚಾ ಲೋಟ ಕೆಳಗಿಟ್ಟು, ಮುಟ್ಟಾಳೆ ತೆಗೆಯದೆ, ಮಳೆಗೇ ಇಳಿದು ತೋಟದ ಕಡೆ ಹೋದರು. ಅಮ್ಮ ನನ್ನ ಮುಖ ನೋಡಿ, “ಹೋಗು ಹಿಂದೆ” ಅಂದರು.

ನಮ್ಮ ಮನೆ ಪದವಿನ ಅಂಚಿನಲ್ಲಿ, ಮುರಕಲ್ಲಿನ ಮೇಲೆ. ತೋಟ ಕೆಳಗೆ. ಮೆಟ್ಟಿಲಲ್ಲಿ ನೀರು ಹರಿಯುತ್ತಿತ್ತು. ಅಪ್ಪ ಔಷಧಿ ಬಿಡದ ಕಡೆಯ ಸಾಲಿನಲ್ಲಿ ಬಗ್ಗಿ ಉದುರಿದ ಕಾಯಿ ಹೆಕ್ಕುತ್ತಿದ್ದರು. ತೊಟ್ಟಿನ ಹತ್ತಿರ ಬಿಳಿ ಬೂಷ್ಟು. “ಶುರು ಆಯ್ತು” ಅಂತ ನನ್ನ ಕೈಗೆ ಒಂದು ಕೊಟ್ಟರು. ಆಮೇಲೆ ಒಂದು ಮರದ ಬುಡದಲ್ಲಿ ನಿಂತು ಬಲ ಅಂಗೈಯನ್ನು ಕಾಂಡದ ಮೇಲೆ ಇಟ್ಟರು. ನನಗೆ ಹೆದರಿಕೆ ಆಗಿ ಹತ್ತಿರ ಹೋದೆ.

“ಹತ್ತುವುದಿಲ್ಲ ಮಾರಾಯ” ಅಂದರು. “ಅಮ್ಮನಿಗೆ ಹೇಳು. ಹತ್ತಲಿಕ್ಕೆ ಆಗುವುದೂ ಇಲ್ಲ.”

ಸ್ವಲ್ಪ ಹೊತ್ತು ಬಿಟ್ಟು, ಮರವನ್ನೇ ನೋಡುತ್ತಾ, “ಜನವರಿಯಲ್ಲಿ ಒಮ್ಮೆ ನೋಡಿದೆ. ಅಮ್ಮ ತವರಿಗೆ ಹೋಗಿದ್ದಳು. ತಳೆ ಹಾಕಿ ಸೊಂಟದಷ್ಟು ಎತ್ತರ ಹೋದೆ. ಕೈ ನಿಲ್ಲಲಿಲ್ಲ. ಇಳಿದೆ.”

ಅಷ್ಟೇ ಹೇಳಿದ್ದು. ನಾನು ಆ ಜನವರಿಯಲ್ಲಿ ಮೂರು ಸಲ ಮನೆಗೆ ಹೋಗಿದ್ದೆ. ಮಳೆ ಅಲಾರಮಿನ ಥ್ರೆಶೋಲ್ಡ್ ಸರಿ ಮಾಡುತ್ತಿದ್ದೆ.

ಈ ಜನವರಿಯ ಕಥೆ ಅಮ್ಮನಿಗೆ ಇವತ್ತಿಗೂ ಗೊತ್ತಿಲ್ಲ. ಅಮ್ಮ ಈ ಪತ್ರಿಕೆ ಓದುವುದಿಲ್ಲ ಎಂಬ ಧೈರ್ಯದಿಂದ ಬರೆಯುತ್ತಿದ್ದೇನೆ. ನಮ್ಮ ಕಡೆಯವರು ಯಾರಾದರೂ ಓದುತ್ತಿದ್ದರೆ ದಯವಿಟ್ಟು ಫಾರ್ವರ್ಡ್ ಮಾಡಬೇಡಿ.

“ನಂಗೆ ಕಲಿಸಿ, ನಾನು ಹತ್ತುತ್ತೇನೆ” ಅಂದೆ. ಆ ಕ್ಷಣಕ್ಕೆ ಬಂದ ಮಾತು. ಚಿಕ್ಕಂದಿನಿಂದ ನಾನು ತಳೆ ಮುಟ್ಟಿದರೆ ಬೈಯುತ್ತಿದ್ದರು, ನೀನು ಓದು ಅಂತ. ಈಗಲೂ ಅಷ್ಟೆ. “ನಿಂಗೆ ಹತ್ತಲಿಕ್ಕೆ ಕಲಿಸಿದ್ರೆ ನಿನ್ನಮ್ಮ ಈ ಸಲ ನನ್ನನ್ನೇ ಒಲೆಗೆ ಹಾಕ್ತಾಳೆ. ಮದ್ದು ಮಾಡ್ಲಿಕ್ಕೆ ಕಲಿ, ಬಾ.”

ಬೋರ್ಡೋ ದ್ರಾವಣಕ್ಕೆ ನಮ್ಮಲ್ಲಿ ಮದ್ದು ಅಂತಲೇ ಹೇಳುವುದು. ಫ್ರಾನ್ಸಿನ ಬೋರ್ಡೋ ಊರಿನ ದ್ರಾಕ್ಷಿ ತೋಟದಿಂದ ಬಂದ ಹೆಸರು. ಇದನ್ನು ಅಡಿಕೆಗೆ ತಂದವರಲ್ಲಿ ಮುಖ್ಯರು ಮೈಸೂರು ಸರಕಾರದಲ್ಲಿದ್ದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್. ಕೊಳೆರೋಗದ ಬಗ್ಗೆ ಅವರು ಪುಸ್ತಿಕೆ ಪ್ರಕಟಿಸಿದ್ದೂ 1910ರಲ್ಲೇ, ಸ್ಪೋಕೇನಿನಲ್ಲಿ ಅಪ್ಪಂದಿರ ದಿನ ಶುರುವಾದ ವರ್ಷವೇ. ನಮ್ಮ ಮನೆಗೆ ಈ ಎರಡರಲ್ಲಿ ಹೆಚ್ಚು ಉಪಕಾರ ಮಾಡಿದ್ದು ಯಾವುದು ಅಂತ ಹೇಳಬೇಕಾಗಿಲ್ಲ.

ಒಂದು ಕೆ.ಜಿ. ಮೈಲುತುತ್ತು ಐವತ್ತು ಲೀಟರ್ ನೀರಿಗೆ, ಒಂದು ಕೆ.ಜಿ. ಸುಣ್ಣ ಬೇರೆ ಐವತ್ತು ಲೀಟರಿಗೆ. ಪ್ಲಾಸ್ಟಿಕ್ ಡ್ರಮ್ಮೇ ಆಗಬೇಕು, ಕಬ್ಬಿಣದ್ದು ಆಗದು. ತುತ್ತಿನ ನೀರನ್ನು ಸುಣ್ಣದ ನೀರಿಗೆ ಸ್ವಲ್ಪ ಸ್ವಲ್ಪವೇ ಹೊಯ್ಯುತ್ತಾ ಕೋಲಿನಲ್ಲಿ ತಿರುಗಿಸಬೇಕು. ಆಕಾಶನೀಲಿ ಬಣ್ಣ ಬರುತ್ತದೆ. ಆಮೇಲೆ ಅಪ್ಪ ಸೊಂಟದ ಕತ್ತಿ ತೆಗೆದು ಒಂದು ನಿಮಿಷ ಅದರಲ್ಲಿ ಅದ್ದಿ ಹಿಡಿದರು. ಅಲಗಿನ ಮೇಲೆ ಕೆಂಪು ಬಣ್ಣ ಕೂತಿತು. “ಸುಣ್ಣ ಸಾಲದು” ಅಂತ ಇನ್ನಷ್ಟು ಹಾಕಿಸಿದರು. ಎರಡನೇ ಸಲ ಅದ್ದಿದಾಗ ಅಲಗು ಅಲಗಿನ ಹಾಗೇ ಇತ್ತು. ಕಬ್ಬಿಣ ತಾಮ್ರವನ್ನು ಹೊರಹಾಕುವ ಡಿಸ್‌ಪ್ಲೇಸ್‌ಮೆಂಟ್ ರಿಯಾಕ್ಷನ್. ಪಿಯುಸಿಯಲ್ಲಿ ಇದರ ಸಮೀಕರಣ ಬರೆದು ಪೂರ್ತಿ ಮಾರ್ಕು ತೆಗೆದಿದ್ದೇನೆ. ಅಪ್ಪ ಆರನೇ ಕ್ಲಾಸಿಗೆ ಶಾಲೆ ಬಿಟ್ಟವರು, ಮೂವತ್ತು ವರ್ಷದಿಂದ ಇದನ್ನು ಕತ್ತಿಯಲ್ಲಿ ಮಾಡುತ್ತಾ ಬಂದಿದ್ದಾರೆ. ನಾನು ಒಂದು ದಿನವೂ ಹತ್ತಿರ ನಿಂತು ನೋಡಿರಲಿಲ್ಲ. ಆವತ್ತು ಮಾಡಿದ್ದು ಕಲಿಯುವುದಕ್ಕಾಗಿ ಮಾತ್ರ, ಒಂದು ಬಕೆಟಿನಷ್ಟು. ಮಳೆ ಬಿಡದೆ ಮರಕ್ಕೆ ಬಿಡುವ ಹಾಗಿರಲಿಲ್ಲ. ತೆಂಗಿನ ಗಿಡಕ್ಕೆ ಹೊಯ್ದೆವು.

ಮುಂದಿನ ವಾರ ಎರಡು ದಿನ ಬಿಸಿಲು ಕಾಣಿಸಿತು. ಕಾರ್ಬನ್ ಫೈಬರ್ ದೋಟಿ ಇರುವ ಇಬ್ಬರು ಹುಡುಗರು ಸಿಕ್ಕಿದರು. ನೆಲದಲ್ಲೇ ನಿಂತು ಉದ್ದದ ದೋಟಿಯಿಂದ ಗೊನೆಗೆ ಸಿಂಪಡಿಸುವುದು, ಮರ ಹತ್ತಬೇಕಾಗಿಲ್ಲ. ನಾನು ಲ್ಯಾಬ್ ತಪ್ಪಿಸಿ ಹೋದೆ. (ಅಟೆಂಡೆನ್ಸ್ ವಿಷಯ ಇಲ್ಲಿ ಬೇಡ.) ಅಪ್ಪ ಮುಟ್ಟಾಳೆ ಹಾಕಿ ಡ್ರಮ್ಮಿನ ಹತ್ತಿರ ನಿಂತು ಮದ್ದು ಮಾಡಿದರು, ನಾನು ಪೈಪು ಎಳೆದೆ. “ಆ ಮರದ ಹಿಂದಿನ ಗೊನೆ ಬಿಟ್ಟಿತು, ಬಲಕ್ಕೆ, ಇನ್ನೂ ಬಲಕ್ಕೆ” ಅಂತ ಅಪ್ಪ ಕೆಳಗಿನಿಂದಲೇ ಹುಡುಗರಿಗೆ ಹೇಳುತ್ತಿದ್ದರು. ಒಂದೊಂದು ಮರದಲ್ಲಿ ಎಷ್ಟು ಗೊನೆ, ಯಾವ ಬದಿಗೆ ಅಂತ ಅವರಿಗೆ ನೋಡದೆಯೇ ಗೊತ್ತು. ಅಮ್ಮ ಮೆಟ್ಟಿಲಿನ ಮೇಲೆ ಚಾ ತಂದು ನಿಂತು ತುಂಬಾ ಹೊತ್ತು ನೋಡಿದರು. ಮಧ್ಯಾಹ್ನ ಊಟಕ್ಕೆ ಬಂದಾಗ ಅಪ್ಪನ ತಲೆಯಿಂದ ಮುಟ್ಟಾಳೆ ತೆಗೆದು, ನೀಲಿ ಕಲೆ ಒರೆಸಿ, ಒಲೆಯ ಮೇಲಿನ ಮೊಳೆಗೆ ತೂಗಿ ಹಾಕಿದ್ದು ಅಮ್ಮನೇ. ನಾನು ಒಮ್ಮೆ ಒಲೆ ನೋಡಿದೆ, ಒಮ್ಮೆ ಅಮ್ಮನನ್ನು ನೋಡಿದೆ. “ಎಂತ ನೋಡ್ತೀ? ಒಣಗ್ಲಿಕ್ಕೆ” ಅಂದರು.

ಕೊಳೆರೋಗ ಬಾರದೆ ಇರಲಿಲ್ಲ. ತಡವಾಗಿ ಬಿಟ್ಟ ತೊಂಬತ್ತು ಮರದಲ್ಲಿ ಸುಮಾರು ಅರ್ಧದಷ್ಟು ಫಸಲು ಉದುರಿತು. ಈ ವರ್ಷದ ಫೀಸಿಗೆ ಸೊಸೈಟಿಯಲ್ಲಿ ಸಾಲ ಮಾಡಿದ್ದಾರೆ. ನನಗೆ ಪ್ಲೇಸ್‌ಮೆಂಟ್ ಆಗಬೇಕು, ಅದು ಬೇರೆ ಕಥೆ.

ಬೂಷ್ಟು ಹಿಡಿದ ಎರಡನೇ ಮುಟ್ಟಾಳೆಯನ್ನು ಅಜ್ಜ ಬಿಸಿಲಿಗೆ ಒಣಗಿಸಿ ಇಟ್ಟುಕೊಂಡರು. ಅದರಲ್ಲಿ ಅವರ ಹೇಂಟೆ ಕಾವಿಗೆ ಕೂತು ಏಳು ಮರಿ ಮಾಡಿದೆಯಂತೆ. ನನ್ನ ಮಳೆ ಅಲಾರಂ ಇನ್ನೂ ಶೋಕೇಸಿನಲ್ಲಿದೆ.

ಮೊನ್ನೆ ರಾತ್ರಿ ಅಪ್ಪ ಫೋನ್ ಮಾಡಿದ್ದರು. ಊಟ ಆಯ್ತಾ, ಅಲ್ಲಿ ಮಳೆ ಉಂಟಾ, ಇಷ್ಟೇ ಯಾವಾಗಲೂ. ಇಡುವ ಮೊದಲು, “ಬರುವಾಗ ಬಿ.ಸಿ. ರೋಡಿನಿಂದ ಗೋಣಿದಾರ ಒಂದು ಉಂಡೆ ತಾ” ಅಂದರು. ಯಾಕೆ ಅಂತ ಕೇಳಿದೆ.

“ಅಮ್ಮನಿಗೂ ಒಂದು ಬೇಕಂತೆ, ಸೊಪ್ಪು ತರ್ಲಿಕ್ಕೆ. ಹಾಳೆ ಅಟ್ಟದಲ್ಲಿ ಉಂಟು. ಅಳತೆ ನಾನು ತೆಗೆದಿಟ್ಟಿದ್ದೇನೆ, ನೀನು ಹೆಲ್ಮೆಟ್ ನೋಡ್ಬೇಡ.”